ಸ್ವರಕ್ಕೆ ಉಸಿರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಮೇಲಿನ ಪ್ರೀತಿ ಇಂದಿಗೂ ಬತ್ತಿಲ್ಲ. ಹಗಲೆಲ್ಲ ಹೊಲಗದ್ದೆಗಳಲ್ಲಿ ದುಡಿದವರು ರಾತ್ರಿಯ ವೇಳೆ ಭೀಮನಾಗಿ, ದುರ್ಯೋಧನನಾಗಿ ರಂಗವೇರುತ್ತಾರೆ. 'ಕುರುಕ್ಷೇತ್ರ' ನಾಟಕವೆಂದರೆ ಬೆಳಗಿನ ಕೋಳಿ ಕೂಗುವವರೆಗೂ ಜನ ಕದಲುವುದಿಲ್ಲ. ಈ ನಾಟಕಗಳಲ್ಲಿ ವೇಷ ಹಾಕದೆಯೇ ರಂಗವನ್ನು ಆಳುವವರು ಒಬ್ಬರಿದ್ದಾರೆ. ಅವರೇ ಹಾರ್ಮೋನಿಯಂ ಮೇಷ್ಟ್ರು. ತಿಂಗಳುಗಟ್ಟಲೆ ಮೊದಲೇ ಊರಿಗೆ ಬಂದು, ಪಾತ್ರಧಾರಿಗಳಿಗೆ ಮಾತು, ಮಟ್ಟು, ನಡೆ ಎಲ್ಲವನ್ನೂ ಕಲಿಸಿ, ನಾಟಕದ ದಿನ ರಂಗದ ಪಕ್ಕದಲ್ಲಿ ಕುಳಿತು ಇಡೀ ಕಥೆಯನ್ನು ನಾದದಿಂದ ನಡೆಸುವವರು ಅವರು.

ಕಾಲು ಹಾರ್ಮೋನಿಯಂ ನುಡಿಸುವವರನ್ನು ಒಮ್ಮೆ ಸೂಕ್ಷ್ಮವಾಗಿ ಗಮನಿಸಬೇಕು. ಎಲ್ಲರ ಕಣ್ಣೂ ಅವರ ಬೆರಳುಗಳ ಮೇಲಿರುತ್ತದೆ. ಆದರೆ ಅವರ ವಿದ್ಯೆಯ ಅರ್ಧ ಭಾಗ ಇರುವುದು ಪಾದಗಳಲ್ಲಿ. ದುರ್ಯೋಧನ ಅಬ್ಬರಿಸುವಾಗ ಪಾದಗಳು ತಿದಿಯನ್ನು ಬಲವಾಗಿ ಒತ್ತುತ್ತವೆ, ನಾದ ಉಕ್ಕುತ್ತದೆ. ಕುಂತಿ ಕರ್ಣನ ಮುಂದೆ ನಿಂತು ಕಣ್ಣೀರಿಡುವಾಗ ಅದೇ ಪಾದಗಳು ಗಾಳಿಯನ್ನು ಹನಿಹನಿಯಾಗಿ ಬಿಡುತ್ತವೆ. ನಾದ ತೆಳುವಾಗಿ ನಡುಗುತ್ತದೆ. ಎರಡು ಸಂದರ್ಭಗಳಲ್ಲಿಯೂ ಒತ್ತಿದ ಮನೆಗಳು ಒಂದೇ ಆಗಿರಬಹುದು. ಯಾವ ಸ್ವರ ಹುಟ್ಟಬೇಕು ಎಂಬುದನ್ನು ಬೆರಳು ನಿರ್ಧರಿಸುತ್ತದೆ. ಹುಟ್ಟಿದ ಸ್ವರ ಹೇಗೆ ಬಾಳಬೇಕು ಎಂಬುದನ್ನು ತಿದಿ ನಿರ್ಧರಿಸುತ್ತದೆ.

ಹೀಗಿದ್ದರೂ ಹಾರ್ಮೋನಿಯಂ ಒಂದು ದೊಡ್ಡ ಅಪವಾದವನ್ನು ಹೊತ್ತುಕೊಂಡಿತ್ತು. ಅದರ ಮನೆಗಳು ಸ್ಥಿರವಾದವು. ಒಂದು ಮನೆಗೂ ಮುಂದಿನ ಮನೆಗೂ ನಡುವೆ ಇರುವ ಸೂಕ್ಷ್ಮ ಶ್ರುತಿಗಳನ್ನು ಅದು ನುಡಿಯಲಾರದು; ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರದು; ಗಮಕ ಅದಕ್ಕೆ ಒಲಿಯದು. ನಮ್ಮ ಸಂಗೀತದಲ್ಲಿ ಗಮಕವಿಲ್ಲದ ಸ್ವರ ಮಾತಿಲ್ಲದ ಬಾಯಿಯಂತೆ. ಈ ಕಾರಣವನ್ನು ಮುಂದಿಟ್ಟುಕೊಂಡು ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ಮೂವತ್ತು ವರ್ಷಗಳಿಗೂ ಮೀರಿ, 1971ರವರೆಗೆ, ಆ ಬಾಗಿಲು ಮುಚ್ಚಿಯೇ ಇತ್ತು. ಹಳ್ಳಿಯ ರಂಗದಲ್ಲಿ ರಾಜನಂತೆ ಮೆರೆದ ವಾದ್ಯಕ್ಕೆ ಬಾನುಲಿಯಲ್ಲಿ ಪ್ರವೇಶವಿರಲಿಲ್ಲ. ಈ ತೀರ್ಪು ನ್ಯಾಯವಾದುದೇ ಅಲ್ಲವೇ ಎಂಬ ಚರ್ಚೆ ಬೇರೆ. ಆದರೆ ಅದು ಎತ್ತಿದ ಪ್ರಶ್ನೆ ಮಾತ್ರ ಹಳೆಯದಾಗಿಲ್ಲ. ಮನೆ ಒತ್ತಿದರೆ ಸಿದ್ಧಸ್ವರವನ್ನು ಕೊಡುವ ಯಂತ್ರಕ್ಕೆ ಜೀವವನ್ನು ತುಂಬುವುದು ಸಾಧ್ಯವೇ? ಗಣಕಯಂತ್ರದ ಮುಂದೆ ಕುಳಿತು ಸಂಗೀತ ರಚಿಸುವ ಇಂದಿನ ತರುಣನಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ಪಾಶ್ಚಾತ್ಯ ಸಂಗೀತದಲ್ಲಿ 'ಆರ್ಕೆಸ್ಟ್ರಾ' ಎಂಬ ಮಹಾವಾದ್ಯವೃಂದವಿದೆ. ಪಿಟೀಲು, ಚೆಲ್ಲೊ ಮೊದಲಾದ ತಂತಿವಾದ್ಯಗಳು, ಕೊಳಲು, ಕ್ಲಾರಿನೆಟ್, ತುತ್ತೂರಿ, ನಗಾರಿಗಳು ಸೇರಿ ಎಂಬತ್ತು ನೂರು ಮಂದಿ ವಾದಕರು ಒಬ್ಬ ನಿರ್ದೇಶಕನ ಕೈಸನ್ನೆಗೆ ಒಂದಾಗಿ ನುಡಿಸುತ್ತಾರೆ. ಇಂತಹ ವೃಂದವನ್ನು ಸಾಕುವುದು ಸಾಮಾನ್ಯರಿಗೆ ಎಟುಕುವ ಮಾತಲ್ಲ. ಅದಕ್ಕೆ ಅರಮನೆ ಬೇಕು, ಇಲ್ಲವೇ ಸರ್ಕಾರ ಬೇಕು. ಮೈಸೂರಿಗೆ ಆ ಭಾಗ್ಯವಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಾದ್ಯಮೇಳದೊಡನೆ ಪಾಶ್ಚಾತ್ಯ ವಾದ್ಯಮೇಳವೂ ಇತ್ತು. ಅವರ ಉತ್ತರಾಧಿಕಾರಿಗಳಾದ ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಬಲ್ಲವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತಸಭೆಯು 1948ರಲ್ಲಿ ಅವರನ್ನು ತನ್ನ ಪ್ರಥಮ ಅಧ್ಯಕ್ಷರನ್ನಾಗಿ ಆರಿಸಿಕೊಂಡಿತು. ರಷ್ಯಾದ ರಚನಕಾರ ಮೆಟ್ನರನ ಕೃತಿಗಳು ಧ್ವನಿಮುದ್ರಿಕೆಗಳಾಗಿ ಹೊರಬಂದುದು ಅವರ ಧನಸಹಾಯದಿಂದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದುದಕ್ಕೂ ಮೈಸೂರಿನ ನೆರವು ಕಾರಣವಾಗಿತ್ತು.

ಅಂದು ಮಹಾರಾಜರಿಗೆ ಮಾತ್ರ ಸಾಧ್ಯವಾಗಿದ್ದುದು ಇಂದು ಹುಣಸೂರಿನ ಒಂದು ಚಿಕ್ಕ ಕೋಣೆಯಲ್ಲಿ, ಮೇಜಿನ ಮೇಲೆ ಹಿಡಿಯುವಷ್ಟು ಸಲಕರಣೆಯಿಂದ, ಒಂದು ಮಟ್ಟಿಗೆ ಸಾಧ್ಯವಾಗಿದೆ. 'ಸ್ಯಾಂಪಲ್ ಲೈಬ್ರರಿ' ಎಂದು ಕರೆಯಲಾಗುವ ಸ್ವರಭಂಡಾರಗಳು ಇದಕ್ಕೆ ಕಾರಣ. ಇವುಗಳ ಹುಟ್ಟು ಸ್ವಾರಸ್ಯಕರವಾಗಿದೆ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 'ಮೆಲೊಟ್ರಾನ್' ಎಂಬ ವಾದ್ಯ ತಯಾರಾಯಿತು. ಅದರ ಪ್ರತಿಯೊಂದು ಮನೆಯ ಕೆಳಗೂ ಒಂದೊಂದು ಟೇಪಿನ ತುಂಡು. ಪ್ರತಿಯೊಂದು ತುಂಡಿನಲ್ಲಿಯೂ ನಿಜವಾದ ಪಿಟೀಲಿನದೋ ಕೊಳಲಿನದೋ ಒಂದು ಸ್ವರ. ಮನೆ ಒತ್ತಿದರೆ ಟೇಪು ಓಡಿ ಸ್ವರ ಕೇಳಿಸುತ್ತಿತ್ತು. ಸುಮಾರು ಎಂಟು ಸೆಕೆಂಡುಗಳಾದ ಮೇಲೆ ಟೇಪು ಮುಗಿಯುತ್ತಿತ್ತು; ಸ್ವರವೂ ಮುಗಿಯುತ್ತಿತ್ತು! 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದ ಇಬ್ಬರು ತರುಣರು ಟೇಪನ್ನು ಬಿಟ್ಟು, ಧ್ವನಿಯನ್ನು ಅಂಕೆಗಳಾಗಿ ಮಾರ್ಪಡಿಸಿ ಗಣಕದ ಸ್ಮರಣೆಯಲ್ಲಿಡುವ 'ಫೇರ್‌ಲೈಟ್' ಯಂತ್ರವನ್ನು ಹೊರತಂದರು. ಮುಂದೆ ವಿಯೆನ್ನಾ, ಲಂಡನ್ ಮುಂತಾದ ನಗರಗಳಲ್ಲಿ ಇಡೀ ವಾದ್ಯವೃಂದಗಳನ್ನು ಸ್ವರಸ್ವರವಾಗಿ ಧ್ವನಿಮುದ್ರಿಸುವ ಕಾರ್ಯ ನಡೆಯಿತು. ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ವಾದಕರನ್ನು ಲಂಡನ್ನಿನ ಮೈಡಾ ವೇಲ್ ಸ್ಟುಡಿಯೋದಲ್ಲಿ ಕೂರಿಸಿ ಸಿದ್ಧಪಡಿಸಿದ ಒಂದು ಭಂಡಾರ 2019ರಲ್ಲಿ ಪ್ರಕಟವಾಯಿತು.

ಈ ಧ್ವನಿಮುದ್ರಣದ ಶ್ರಮವನ್ನು ಊಹಿಸಿಕೊಳ್ಳಬೇಕು. ಒಬ್ಬ ಪಿಟೀಲು ವಾದಕ ಷಡ್ಜವನ್ನು ಮೃದುವಾಗಿ ನುಡಿಸುತ್ತಾನೆ. ಮಧ್ಯಮ ಬಲದಿಂದ ನುಡಿಸುತ್ತಾನೆ. ಪೂರ್ಣ ಬಲದಿಂದ ನುಡಿಸುತ್ತಾನೆ. ಕಮಾನನ್ನು ಎಳೆದು ನುಡಿಸುತ್ತಾನೆ. ಕಡಿದು ಕಡಿದು ನುಡಿಸುತ್ತಾನೆ. ಕಮಾನನ್ನು ಬಿಟ್ಟು ಬೆರಳಿನಿಂದ ಮೀಟುತ್ತಾನೆ. ಬಳಿಕ ಮುಂದಿನ ಸ್ವರ. ಮತ್ತೆ ಇದೇ ಕ್ರಮ. ಹೀಗೆ ಪ್ರತಿಯೊಂದು ವಾದ್ಯಕ್ಕೂ ಸಾವಿರಾರು ತುಣುಕುಗಳು ಕೂಡುತ್ತವೆ. ಇಷ್ಟಾದರೂ ಭಂಡಾರವನ್ನು ತಂದು, ಕೀಬೋರ್ಡಿನ ಮನೆಗಳನ್ನು ಒತ್ತಿದ ಕೂಡಲೇ ಹೊಸಬನಿಗೆ ನಿರಾಶೆಯಾಗುತ್ತದೆ. ನಾದವೇನೋ ಪಿಟೀಲಿನದೇ, ಆದರೆ ಕೇಳುವುದು ಪಿಟೀಲು ವಾದನವಲ್ಲ. ಓಡುವ ಕುದುರೆಯ ನೂರು ಛಾಯಾಚಿತ್ರಗಳನ್ನು ಮೇಜಿನ ಮೇಲೆ ಹರಡಿದರೆ ಕುದುರೆ ಓಡುವುದೇ? ಪ್ರತಿಯೊಂದು ತುಣುಕೂ ಹಿಡಿದಿಟ್ಟ ಒಂದು ಕ್ಷಣ. ಆ ಕ್ಷಣಗಳ ನಡುವಿನ ಚಲನೆಯನ್ನು ಮತ್ತೆ ಕೊಡಬೇಕಾದವನು ನುಡಿಸುವವನು. ಅದಕ್ಕೆಂದೇ ಇರುವ ಸಾಧನಗಳನ್ನು ಭಾವನಿಯಂತ್ರಕಗಳು ಎಂದು ಕರೆಯಬಹುದು.

ಕೀಬೋರ್ಡಿನ ಎಡತುದಿಯಲ್ಲಿ ಸಾಮಾನ್ಯವಾಗಿ ಎರಡು ಚಕ್ರಗಳಿರುತ್ತವೆ. ಕೆಲವು ಕೀಬೋರ್ಡುಗಳಲ್ಲಿ ಮೇಲೆ ಕೆಳಗೆ ಸರಿಯುವ ಜಾರುಗುಂಡಿಗಳೂ ಇರುತ್ತವೆ. ಇವು ಗಣಕದೊಡನೆ 'ಮಿಡಿ' ಎಂಬ ಸಂಕೇತಭಾಷೆಯಲ್ಲಿ ಮಾತನಾಡುತ್ತವೆ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಕೆಹಾಶಿ ಎಂಬವರ ಮುಂದಾಳುತನದಲ್ಲಿ, ಪರಸ್ಪರ ಸ್ಪರ್ಧಿಗಳಾಗಿದ್ದ ತಯಾರಕರೆಲ್ಲ ಒಪ್ಪಿಕೊಂಡು 1983ರಲ್ಲಿ ಬಳಕೆಗೆ ತಂದ ಭಾಷೆ ಇದು. ಇದರಲ್ಲಿ ಪ್ರತಿಯೊಂದು ನಿಯಂತ್ರಕಕ್ಕೂ ಒಂದು ಸಂಖ್ಯೆಯುಂಟು. ಪ್ರತಿಯೊಂದರ ಮಟ್ಟವೂ 0ಯಿಂದ 127ರವರೆಗೆ, ಅಂದರೆ 128 ಮೆಟ್ಟಿಲುಗಳಲ್ಲಿ ಏರಿಳಿಯುತ್ತದೆ. ಇವುಗಳಲ್ಲಿ ಎರಡನ್ನು ಚೆನ್ನಾಗಿ ಅರಿತುಕೊಂಡರೆ ಉಳಿದವು ಸುಲಭ. ಒಂದನೆಯ ಸಂಖ್ಯೆಯದು ಮಾಡ್ಯುಲೇಷನ್, ಹನ್ನೊಂದನೆಯದು ಎಕ್ಸ್‌ಪ್ರೆಷನ್.

ಎರಡೂ ನಾದವನ್ನು ಹೆಚ್ಚು ಕಡಿಮೆ ಮಾಡುವಂತೆಯೇ ಕೇಳಿಸುವುದರಿಂದ ಕಲಿಯುವವರು ಇಲ್ಲಿ ಎಡವುತ್ತಾರೆ. ವ್ಯತ್ಯಾಸವನ್ನು ಹೊಲದಲ್ಲಿ ನಿಂತೇ ತಿಳಿಯಬಹುದು. ಹೊಗೆಸೊಪ್ಪಿನ ಹೊಲದ ಆಚೆ ಬದುವಿನಲ್ಲಿ ನಿಂತ ರೈತನೊಬ್ಬ ಗಂಟಲು ಬಿಚ್ಚಿ ತನ್ನ ಮಗನನ್ನು ಕೂಗುತ್ತಾನೆ. ಈಚೆ ನಿಂತವರಿಗೆ ಅದು ಸಣ್ಣಗೆ ಕೇಳಿಸುತ್ತದೆ. ಆದರೂ ಅದು ಕೂಗು ಎಂದು ಎಲ್ಲರಿಗೂ ತಿಳಿಯುತ್ತದೆ. ಕಿವಿಯ ಹತ್ತಿರ ಬಂದು ಒಬ್ಬರು ಗುಟ್ಟು ಹೇಳಿದರೆ ಅದು ಸ್ಪಷ್ಟವಾಗಿ, ದೊಡ್ಡದಾಗಿಯೇ ಕೇಳಿಸಬಹುದು. ಆದರೂ ಅದು ಪಿಸುಮಾತೇ. ಪಿಸುಮಾತನ್ನು ಧ್ವನಿವರ್ಧಕದಲ್ಲಿ ಬಿತ್ತರಿಸಿದರೂ ಕೂಗಾಗುವುದಿಲ್ಲ. ಧ್ವನಿಯ ಗಾತ್ರ ಬೇರೆ, ಧ್ವನಿಯ ಹಿಂದಿರುವ ಶ್ರಮ ಬೇರೆ. ಪಿಟೀಲಿನ ಕಮಾನನ್ನು ಬಲವಾಗಿ ಒತ್ತಿದಾಗ, ತುತ್ತೂರಿಯನ್ನು ಜೋರಾಗಿ ಊದಿದಾಗ ಮೂಲಸ್ವರದೊಡನೆ ಹುಟ್ಟುವ ಉಪಸ್ವರಗಳು ಹೆಚ್ಚಾಗುತ್ತವೆ. ನಾದದ ಬಣ್ಣವೇ ಬದಲಾಗುತ್ತದೆ. ಮಾಡ್ಯುಲೇಷನ್ ಚಕ್ರವನ್ನು ಮೇಲಕ್ಕೆ ತಿರುಗಿಸಿದಾಗ ಬಹುಪಾಲು ಸ್ವರಭಂಡಾರಗಳಲ್ಲಿ ನಡೆಯುವುದು ಇದೇ. ಮೃದುವಾಗಿ ನುಡಿಸಿದ ತುಣುಕು ಮೆಲ್ಲನೆ ಹಿಂದೆ ಸರಿಯುತ್ತದೆ. ಬಲವಾಗಿ ನುಡಿಸಿದ ತುಣುಕು ಅದರ ಜಾಗಕ್ಕೆ ಬರುತ್ತದೆ. ಎಕ್ಸ್‌ಪ್ರೆಷನ್ ಜಾರುಗುಂಡಿ ಹಾಗಲ್ಲ. ಅದು ಬಣ್ಣವನ್ನು ಮುಟ್ಟದೆ ಗಾತ್ರವನ್ನು ಮಾತ್ರ ಹೆಚ್ಚು ಕಡಿಮೆ ಮಾಡುತ್ತದೆ. ಮೊದಲನೆಯದು ರೈತನ ಗಂಟಲಾದರೆ, ಎರಡನೆಯದು ಅವನಿಗೂ ನಮಗೂ ಇರುವ ದೂರ.

ಅನುಭವಿಗಳು ಈ ಎರಡನ್ನೂ ಒಟ್ಟಿಗೆ ನಡೆಸುತ್ತಾರೆ. ಬಲಗೈ ಮನೆಗಳ ಮೇಲೆ. ಎಡಗೈಯ ಎರಡು ಬೆರಳುಗಳು ಎರಡು ಜಾರುಗುಂಡಿಗಳ ಮೇಲೆ. ಒಂದು ದೀರ್ಘಸ್ವರ ಹುಟ್ಟುವಾಗ ಮೃದುವಾಗಿ ಹುಟ್ಟಿ, ನಡುವೆ ತುಂಬಿಕೊಂಡು, ಮುಂದಿನ ಸ್ವರಕ್ಕೆ ಮೊದಲು ಸ್ವಲ್ಪ ಇಳಿಯಬೇಕು. ಗಾಯಕನ ಉಸಿರು ನಡೆಯುವುದು ಹೀಗೆ. ಪಿಟೀಲಿನ ಕಮಾನು ನಡೆಯುವುದೂ ಹೀಗೆ. ನಿಜವಾದ ವಾದಕನ ಕೈಯಲ್ಲಿ ದೀರ್ಘಸ್ವರ ಒಂದು ಕ್ಷಣವೂ ಇದ್ದಂತೆಯೇ ಇರುವುದಿಲ್ಲ. ಆದುದರಿಂದ ಚಕ್ರವನ್ನು ಒಂದು ಮಟ್ಟದಲ್ಲಿ ನಿಲ್ಲಿಸಿ ಕೈ ತೆಗೆದುಬಿಟ್ಟರೆ, ಎಷ್ಟು ಬೆಲೆಯ ಭಂಡಾರವಾದರೂ ಕಾರ್ಖಾನೆಯ ಕೂಗಿನಂತೆ ಕೇಳಿಸುತ್ತದೆ. ಗಣಕದ ತೆರೆಯ ಮೇಲೆ ಈ ಏರಿಳಿತ ಬೆಟ್ಟಸಾಲಿನಂತಹ ಒಂದು ರೇಖೆಯಾಗಿ ಕಾಣುತ್ತದೆ. ತಪ್ಪಿದ್ದರೆ ಮೌಸಿನಿಂದ ತಿದ್ದಬಹುದು. ಆದರೆ ತೆರೆಯನ್ನು ನೋಡಿ ಬಿಡಿಸಿದ ರೇಖೆಗಿಂತ ಮೊದಲು ಪದವನ್ನು ಬಾಯಲ್ಲಿ ಹಾಡಿಕೊಂಡು, ಆ ಉಸಿರನ್ನೇ ಕೈಗೆ ಇಳಿಸಿ ನುಡಿಸಿದ ರೇಖೆ ಮೇಲು. ಕಣ್ಣಿಗೆ ಅಂದವಾಗಿ ಕಂಡ ರೇಖೆ ಕಿವಿಗೆ ಅಂದವಾಗಿರಬೇಕೆಂಬ ನಿಯಮವಿಲ್ಲ. ಉಸಿರನ್ನೇ ನೇರವಾಗಿ ಬಳಸುವ ಸಾಧನವೂ ಉಂಟು. ಬಾಯಲ್ಲಿ ಚಿಕ್ಕ ಕೊಳವೆಯನ್ನಿಟ್ಟುಕೊಂಡು ಊದಿದರೆ, ಊದಿದ ಬಲ ಎರಡನೆಯ ಸಂಖ್ಯೆಯ ನಿಯಂತ್ರಕವಾಗಿ ಗಣಕಕ್ಕೆ ಹೋಗುತ್ತದೆ.

ಉಳಿದ ಕೆಲವು ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಒಂದೇ ತುಣುಕನ್ನು ಮೇಲಿಂದ ಮೇಲೆ ನುಡಿಸಿದರೆ ಕಿವಿ ಕೂಡಲೇ ಮೋಸವನ್ನು ಕಂಡುಹಿಡಿಯುತ್ತದೆ. ತಮಟೆಯವನು ಎಷ್ಟೇ ಪಳಗಿದವನಾದರೂ ಅವನ ಎರಡು ಪೆಟ್ಟುಗಳು ಅಚ್ಚೊತ್ತಿದಂತೆ ಒಂದೇ ಆಗಿರುವುದಿಲ್ಲವಷ್ಟೆ. ಆದುದರಿಂದ ಒಂದೇ ಸ್ವರವನ್ನು ನಾಲ್ಕಾರು ಬಾರಿ ಮುದ್ರಿಸಿಕೊಂಡು ಸರದಿಯ ಮೇಲೆ ಕೇಳಿಸುವ ಏರ್ಪಾಡನ್ನು ಭಂಡಾರಗಳಲ್ಲಿ ಮಾಡಿರುತ್ತಾರೆ. ಎಳೆದು ನುಡಿಸುವುದರಿಂದ ಮೀಟಿ ನುಡಿಸುವುದಕ್ಕೆ ಬದಲಾಯಿಸಲು, ಸಂಗೀತಕ್ಕೆ ಬಳಕೆಯಾಗದ ತೀರ ಕೆಳಗಿನ ಮನೆಗಳನ್ನು ಗುಂಡಿಗಳಂತೆ ಉಪಯೋಗಿಸುತ್ತಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವ ಹಾದಿಯನ್ನೂ, ಸ್ವರಗಳಂತೆಯೇ, ಪ್ರತ್ಯೇಕವಾಗಿ ಮುದ್ರಿಸಿಟ್ಟಿರುವುದುಂಟು. ಈ ಹಾದಿ ಸವೆಯಲು ಸ್ವಲ್ಪ ಕಾಲ ಬೇಕು. ಅದಕ್ಕಾಗಿ ನುಡಿಸುವವನು ತಾಳಕ್ಕಿಂತ ಕೂದಲೆಳೆಯಷ್ಟು ಮುಂಚೆಯೇ ಮನೆ ಒತ್ತುವುದನ್ನು ರೂಢಿಸಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಪಾಶ್ಚಾತ್ಯ ಸಂಗೀತಕ್ಕೆ ಸಾಕಾದೀತು. ನಮ್ಮ ಗಮಕದ ಮಾತೇನು? ಮೈಸೂರಿನ ವೀಣೆ ಶೇಷಣ್ಣನವರ ಪರಂಪರೆಯ ವೈಣಿಕರೊಬ್ಬರು ಒಂದೇ ಮೆಟ್ಟಿಲಿನ ಮೇಲೆ ಬೆರಳಿಟ್ಟು, ತಂತಿಯನ್ನು ಪಕ್ಕಕ್ಕೆ ಎಳೆದು ಮೂರು ನಾಲ್ಕು ಸ್ವರಗಳನ್ನು ನುಡಿಸಬಲ್ಲರು. ಅಲ್ಲಿ ಸ್ವರಗಳಿಗಿಂತ ಅವುಗಳ ನಡುವಿನ ಹಾದಿಯೇ ಸಂಗೀತ. ಇಲ್ಲಿ ನೆರವಿಗೆ ಬರುವುದು ಕೀಬೋರ್ಡಿನ ಇನ್ನೊಂದು ಚಕ್ರ. ಶ್ರುತಿಯನ್ನು ಬಾಗಿಸುವ ಚಕ್ರ. ಮಿಡಿ ಭಾಷೆಯನ್ನು ರೂಪಿಸಿದವರು ಇದಕ್ಕೆ ಮಾತ್ರ 128ರ ಬದಲು 16,384 ಮೆಟ್ಟಿಲುಗಳನ್ನು ಕೊಟ್ಟಿದ್ದಾರೆ. ಅದಕ್ಕೆ ಕಾರಣವಿಲ್ಲದಿಲ್ಲ. ನಾದದ ಗಾತ್ರ ಸ್ವಲ್ಪ ಜಿಗಿದರೆ ಕಿವಿ ಕ್ಷಮಿಸುತ್ತದೆ. ಶ್ರುತಿ ಜಿಗಿದರೆ ಕ್ಷಮಿಸುವುದಿಲ್ಲ. ಸಾಮಾನ್ಯವಾಗಿ ಈ ಚಕ್ರ ಮೇಲಕ್ಕೆ ಎರಡು ಮನೆ, ಕೆಳಕ್ಕೆ ಎರಡು ಮನೆಯಷ್ಟು ಸ್ವರವನ್ನು ಬಾಗಿಸುವಂತೆ ಹೊಂದಿಸಿರುತ್ತಾರೆ, ಬೇಕಾದರೆ ಹೆಚ್ಚಿಸಿಕೊಳ್ಳಬಹುದು. ಎಡಗೈಯಲ್ಲಿ ಈ ಚಕ್ರವನ್ನು ಆಡಿಸುತ್ತ, ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತದ ಕಛೇರಿ ನಡೆಸುವ ವಿದ್ವಾಂಸರೂ ನಮ್ಮ ನಡುವೆ ಇದ್ದಾರೆ. 1940ರಲ್ಲಿ ಹಾರ್ಮೋನಿಯಂ ಮೇಲೆ ಹೊರಿಸಿದ ಆರೋಪಕ್ಕೆ ಕೊಟ್ಟ ಉತ್ತರ ಈ ಪುಟ್ಟ ಚಕ್ರ ಎಂದರೆ ತಪ್ಪಾಗದು.

ಆದರೆ ಚಕ್ರ ಉತ್ತರದ ಅರ್ಧ ಮಾತ್ರ. ಎಲ್ಲಿ ಬಾಗಿಸಬೇಕು, ಎಷ್ಟು ಬಾಗಿಸಬೇಕು, ಯಾವ ವೇಗದಲ್ಲಿ ಹಿಂದಿರುಗಬೇಕು ಎಂಬುದನ್ನು ಯಾವ ಯಂತ್ರವೂ ಹೇಳಿಕೊಡಲಾರದು. ಅದು ರಾಗದ ಅರಿವಿನಿಂದ ಬರಬೇಕು. ಈ ಮಾತಿಗೆ ಕದ್ರಿ ಗೋಪಾಲನಾಥರ ಸಾಧನೆ ಸಾಕ್ಷಿ. ದಕ್ಷಿಣ ಕನ್ನಡ ಜಿಲ್ಲೆಯ ನಾಗಸ್ವರ ವಿದ್ವಾಂಸರ ಮನೆಯಲ್ಲಿ 1949ರಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲಿ ಮೈಸೂರು ಅರಮನೆಯ ವಾದ್ಯಮೇಳದಲ್ಲಿ ಸ್ಯಾಕ್ಸೊಫೋನ್ ನಾದವನ್ನು ಕೇಳಿ ಮರುಳಾದರು. ಅದು ಯುರೋಪಿನ ವಾದ್ಯ. ಅದರ ಕೀಲಿಗಳನ್ನು ಪಾಶ್ಚಾತ್ಯ ಸಂಗೀತದ ಸ್ಥಿರಸ್ವರಗಳಿಗೆ ತಕ್ಕಂತೆ ಜೋಡಿಸಲಾಗಿದೆ. ಅದರಲ್ಲಿ ಕರ್ನಾಟಕ ಸಂಗೀತವನ್ನು ನುಡಿಸುತ್ತೇನೆಂದರೆ ನಂಬುವವರು ಯಾರು? ವಾದ್ಯದಲ್ಲಿ ತಮಗೆ ಬೇಕಾದ ಮಾರ್ಪಾಡುಗಳನ್ನು ಮಾಡಿಕೊಂಡು, ತುಟಿಯ ಬಿಗಿತ, ಉಸಿರಿನ ಒತ್ತಡಗಳಿಂದಲೇ ಗಮಕವನ್ನು ಒಲಿಸಿಕೊಳ್ಳಲು ಅವರು ಅನೇಕ ವರ್ಷಗಳ ಕಾಲ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ಪ್ರಸಿದ್ಧ ಸಂಗೀತೋತ್ಸವದಲ್ಲಿ, ಅವರ ಕಛೇರಿ ನಡೆಯಿತು. 2019ರಲ್ಲಿ ಅವರು ನಿಧನರಾಗುವ ವೇಳೆಗೆ ಸ್ಯಾಕ್ಸೊಫೋನ್ ಕರ್ನಾಟಕ ಸಂಗೀತದ ವಾದ್ಯವೇ ಆಗಿಹೋಗಿತ್ತು. ಮನೆಯಲ್ಲಿ ಕೇಳಿ ಬೆಳೆದ ನಾಗಸ್ವರದ ಗಮಕ ಮೊದಲು ಅವರ ಕಿವಿಯಲ್ಲಿತ್ತು. ಆಮೇಲೆ ಅದು ಲೋಹದ ಕೊಳವೆಗೆ ಇಳಿಯಿತು.

ಸ್ವರಭಂಡಾರಗಳಿಂದ ಆದ ನಷ್ಟವನ್ನೂ ಹೇಳದೆ ಬಿಡುವುದು ಸರಿಯಲ್ಲ. ಹಿಂದೆ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ನಡೆಯುತ್ತಿತ್ತು. ಗಾಯಕರೂ ಹತ್ತಾರು ಮಂದಿ ವಾದಕರೂ ಒಂದೇ ವೇಳೆಯಲ್ಲಿ ಕುಳಿತು ಗೀತೆಯನ್ನು ಮೊದಲಿಂದ ಕೊನೆಯವರೆಗೆ ಒಟ್ಟಿಗೆ ನುಡಿಸಬೇಕಾಗಿತ್ತು. ಒಬ್ಬನ ಕಮಾನು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ! ಆ ಕಷ್ಟದಲ್ಲಿ ಅನೇಕ ಸಂಸಾರಗಳ ಅನ್ನವಿತ್ತು. ಗಣಕ ಬಂದ ಮೇಲೆ ಪಿಟೀಲುಗಳ ಸಾಲು ಕಿರಿದಾಗುತ್ತ ಹೋಯಿತು. ಭಂಡಾರದಲ್ಲಿ ತನ್ನ ಸ್ವರವನ್ನು ಮುದ್ರಿಸಿಕೊಟ್ಟ ವಾದಕನಿಗೆ ದೊರೆತ ಕೆಲಸ ಕೆಲವು ದಿನಗಳದು; ಆ ಸ್ವರವನ್ನು ಜಗತ್ತು ಬಳಸುವುದು ಮಾತ್ರ ವರ್ಷಾನುಗಟ್ಟಲೆ.

ಹಾಗೆಂದು ವಾದಕನನ್ನು ಪೂರ್ಣವಾಗಿ ಬಿಟ್ಟುಬಿಡುವುದು ಸಂಗೀತ ನಿರ್ದೇಶಕರಿಗೆ ಸಾಧ್ಯವಾಗಿಲ್ಲ. ಇಂದು ಸ್ಟುಡಿಯೋಗಳಲ್ಲಿ ಒಂದು ಪದ್ಧತಿ ಸಾಮಾನ್ಯವಾಗಿದೆ. ತಂತಿವಾದ್ಯಗಳ ಇಡೀ ಸಮೂಹವನ್ನು ಭಂಡಾರದಿಂದ ನುಡಿಸಿ, ಚಕ್ರಗಳಿಂದ ಏರಿಳಿತಗಳನ್ನು ಕೊಟ್ಟು ಸಿದ್ಧಪಡಿಸುತ್ತಾರೆ. ಕೊನೆಗೆ ಒಬ್ಬ ಪಿಟೀಲು ವಾದಕನನ್ನು ಕರೆಸಿ, ಅದೇ ಸ್ವರಗಳನ್ನು ಅದರ ಮೇಲೆ ನುಡಿಸಿ ಮುದ್ರಿಸಿಕೊಳ್ಳುತ್ತಾರೆ. ಕಮಾನು ತಿರುಗುವಾಗಿನ ಸಣ್ಣ ಗೀರು, ಶ್ರುತಿಯನ್ನು ಮುಟ್ಟುವ ಮುನ್ನಿನ ಕಾಣದಷ್ಟು ತಡಕಾಟ, ಉಸಿರಿನ ಸದ್ದು, ಇವೆಲ್ಲ ಆ ಒಂದು ವಾದನದಲ್ಲಿರುತ್ತವೆ. ಕೇಳುಗನ ಕಿವಿ ಆ ಒಂದು ಪಿಟೀಲನ್ನು ಹಿಡಿದುಕೊಂಡು, ಸುತ್ತಲಿನ ಯಂತ್ರದ ಪಿಟೀಲುಗಳೆಲ್ಲವೂ ನಿಜವೆಂದೇ ನಂಬುತ್ತದೆ.